ಮುಳ್ಳು ನಿಲ್ಲುವ ಜಾಗ: ಕಾರಿನೊಳಗೆ ಹೆಚ್ಚುವರಿ ಗೇಜ್ ಕೂರಿಸುವ ಬಗ್ಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಗ್ಯಾರೇಜ್ ನಡೆಸುವವರು, ಎಂಜಿನಿಯರಿಂಗ್ ಓದುವ ಹುಡುಗರು, ಹಳೆ ಜೀಪು ಸಾಕಿಕೊಂಡವರು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ.

ಎಲ್ಲರಿಗೂ ನಮಸ್ಕಾರ.

ಟ್ರ್ಯಾಕ್ಟರ್ ಓಡಿಸಿದವರು ಕೈ ಎತ್ತಿ ಅಂದರೆ ಇಲ್ಲಿ ಅರ್ಧ ಸಭೆ ಕೈ ಎತ್ತುತ್ತದೆ. ಬೆಳಗಾವಿ ಜಿಲ್ಲೆ ಅಲ್ವಾ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು ಫ್ಯಾಕ್ಟರಿ ಕಡೆ ಹೊರಟ ಡ್ರೈವರ್, ಹಾಡು ಎಷ್ಟೇ ಜೋರಾಗಿ ಹಾಕಿರಲಿ, ನೀರಿನ ಬಿಸಿ ತೋರಿಸುವ ಮುಳ್ಳಿನ ಮೇಲೆ ಒಂದು ಕಣ್ಣು ಇಟ್ಟೇ ಇರುತ್ತಾನೆ. ಅದೇ ಮನುಷ್ಯ ಸಂಜೆ ತನ್ನ ಕಾರು ಹತ್ತಿದರೆ ಆ ಮುಳ್ಳೇ ಇಲ್ಲ. ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಬರೀ ಎರಡು ದೀಪ. ಎಂಜಿನ್ ತಣ್ಣಗಿದ್ದರೆ ನೀಲಿ, ವಿಪರೀತ ಕಾದರೆ ಕೆಂಪು. ನಡುವಿನ ಕಥೆ ಯಾರೂ ಹೇಳುವುದಿಲ್ಲ.

ಮುಳ್ಳು ಇರುವ ಕಾರುಗಳಲ್ಲೂ ಒಂದು ಗುಟ್ಟಿದೆ. ನೀರು 80 ಡಿಗ್ರಿ ದಾಟಿದ ಮೇಲೆ ಸುಮಾರು 105ರವರೆಗೆ ಆ ಮುಳ್ಳು ಎಷ್ಟೋ ಗಾಡಿಗಳಲ್ಲಿ ನಟ್ಟನಡುವೆ ಕೂತುಬಿಡುತ್ತದೆ. ಕೆಟ್ಟು ಹೋಗಿದೆ ಅಂತಲ್ಲ, ಕಂಪನಿಯವರು ಬೇಕೆಂದೇ ಹಾಗೆ ಮಾಡಿರುತ್ತಾರೆ. ಮುಳ್ಳು ಸ್ವಲ್ಪ ಅಲ್ಲಾಡಿದರೂ ಗಿರಾಕಿ ಗಾಬರಿಯಾಗಿ ಸರ್ವಿಸ್ ಸೆಂಟರ್‌ಗೆ ಓಡಿ ಬರುತ್ತಾನಲ್ಲ, ಅದಕ್ಕೆ. ನೀವು ಗೋವಾದಿಂದ ವಾಪಸ್ ಬರುವಾಗ ಕೇರಿ ಎಂಬ ಊರು ದಾಟಿ ಚೋರ್ಲಾ ಘಾಟ್ ಹತ್ತುತ್ತೀರಿ. ಐದು ಜನ, ಎಸಿ ಆನ್, ಮುಂದೆ ತೆವಳುವ ಲಾರಿ, ಎರಡನೇ ಗೇರ್. ನೀರು 90ರಿಂದ 103ಕ್ಕೆ ಏರಿದ್ದರೂ ಡ್ಯಾಶ್ ಮೇಲಿನ ಮುಳ್ಳು ಏನೂ ಆಗಿಲ್ಲ ಎಂಬಂತೆ ನಿಂತಿರುತ್ತದೆ. ಅದು ಎದ್ದಾಗ ಸೀದಾ ಕೆಂಪಿಗೇ ಹೋಗುತ್ತದೆ. ಆಗ ಎಸಿ ಬಂದ್ ಮಾಡಿ ಪ್ರಯೋಜನ ಅಷ್ಟಕ್ಕಷ್ಟೇ. 100 ದಾಟಿದಾಗಲೇ ಗೊತ್ತಾಗಿದ್ದರೆ ಎಸಿ ಆರಿಸಿ, ಲಾರಿಯಿಂದ ಹಿಂದೆ ಸರಿದು, ಗಾಳಿ ಆಡಲು ಬಿಡಬಹುದಿತ್ತು.

ಹೆಚ್ಚುವರಿ ಗೇಜ್, ಅಂದರೆ ಕಂಪನಿ ಕೊಟ್ಟದ್ದಲ್ಲದೆ ನಾವೇ ಹಾಕಿಕೊಳ್ಳುವ ಅಳತೆಯ ಮುಳ್ಳು, ಬೇಕಾಗುವುದು ಇಷ್ಟಕ್ಕೇ. ಹಾಗಾಗಿ ನನ್ನ ಹತ್ತಿರ ಗೇಜ್ ಕೇಳಿಕೊಂಡು ಬಂದವರಿಗೆ ನಾನು ಮೊದಲು ಕೇಳುವುದು ಬಜೆಟ್ ಅಲ್ಲ. ಈ ಮುಳ್ಳು ಕೆಟ್ಟ ಜಾಗಕ್ಕೆ ಹೋದರೆ ನೀವು ಏನು ಮಾಡುತ್ತೀರಿ ಅಂತ ಕೇಳುತ್ತೇನೆ. ಉತ್ತರ ಇಲ್ಲದಿದ್ದರೆ ಆ ಗೇಜ್ ಸುಮ್ನೆ ಅಲಂಕಾರ. ಅಲಂಕಾರ ಬೇಡ ಅಂತ ನಾನು ಹೇಳುವುದಿಲ್ಲ, ದುಡ್ಡು ನಿಮ್ಮದು. ಆದರೆ ಏಳು ಗೇಜ್ ಸಾಲಾಗಿ ಹಚ್ಚಿ ಯಾವುದನ್ನೂ ನೋಡದವರನ್ನು ಬೇಕಾದಷ್ಟು ನೋಡಿದ್ದೇನೆ.

ಸಾಮಾನ್ಯ ಗಾಡಿಗೆ ನನ್ನ ಲೆಕ್ಕದಲ್ಲಿ ಎರಡು ಸಾಕು, ಹೆಚ್ಚೆಂದರೆ ಮೂರು. ನೀರಿನ ಬಿಸಿ ಒಂದು. ಎರಡನೆಯದು ಆಯಿಲ್ ಪ್ರೆಶರ್, ಅಂದರೆ ಎಂಜಿನ್ ಆಯಿಲ್‌ನ ಒತ್ತಡ, ಅದನ್ನು ಅಳೆಯುವುದು ಪಿಎಸ್‌ಐನಲ್ಲಿ. ಡ್ಯಾಶ್‌ನಲ್ಲಿರುವ ಆಯಿಲ್ ದೀಪ ಹತ್ತುವುದು ಪ್ರೆಶರ್ ಬಹುತೇಕ 4ರಿಂದ 7 ಪಿಎಸ್‌ಐಗೆ ಇಳಿದ ಮೇಲೆ. ಓಡುವ ಎಂಜಿನ್‌ಗೆ ಪ್ರತಿ 1000 ಆರ್‌ಪಿಎಂಗೆ (ನಿಮಿಷಕ್ಕೆ ಸಾವಿರ ಸುತ್ತಿಗೆ) ಹತ್ತತ್ರ 10 ಪಿಎಸ್‌ಐ ಬೇಕು ಅನ್ನುವುದು ಹಳೆ ಮೇಸ್ತ್ರಿಗಳ ಲೆಕ್ಕ. 3000ದಲ್ಲಿ ಓಡುವ ಗಾಡಿಯಲ್ಲಿ 6 ಪಿಎಸ್‌ಐಗೆ ದೀಪ ಹತ್ತಿತು ಅಂದರೆ ಬೇರಿಂಗ್ ಕಥೆ ಆಗಲೇ ಮುಗಿಯುತ್ತಾ ಬಂದಿರುತ್ತದೆ. ಗೇಜ್ ಇದ್ದವನಿಗೆ 40 ಇದ್ದದ್ದು 25 ಆಗಿದೆ ಅಂತ ಮೊದಲೇ ಕಾಣುತ್ತದೆ.

ಮೂರನೆಯದು ವೋಲ್ಟ್ ಮೀಟರ್. ಎಂಜಿನ್ ನಿಂತಾಗ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. ಓಡುವಾಗ 13.5ರಿಂದ 14.5ರ ಒಳಗಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಿದೆ. ಹಳೆ ಜೀಪಿನವರು ಆಂಪಿಯರ್ ಮೀಟರ್ ಕೇಳುತ್ತಾರೆ. ಅದು ಬೇಡ. ಆಂಪಿಯರ್ ಮೀಟರ್ ಒಳಗೆ ಗಾಡಿಯ ಪೂರ್ತಿ ಚಾರ್ಜಿಂಗ್ ಕರೆಂಟ್ ಹಾದು ಹೋಗಬೇಕು. ಅಂದರೆ ದಪ್ಪ ವೈರ್ ಡ್ಯಾಶ್‌ವರೆಗೆ ಬಂದು ವಾಪಸ್ ಹೋಗಬೇಕು. ಒಂದು ನಟ್ ಸಡಿಲಾದರೆ ಬೆಂಕಿ. ವೋಲ್ಟ್ ಮೀಟರ್‌ಗೆ ಕೂದಲಿನಷ್ಟು ಕರೆಂಟ್ ಸಾಕು.

ಟರ್ಬೊ ಗಾಡಿಯವರು ಎಂಜಿನ್‌ಗೆ ತುಂಬುವ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಗೇಜ್ ಹಾಕಿಸುತ್ತಾರೆ, ಹಾಕಿಸಲಿ, ಹೋಸ್ ಸೀಳಿದ್ದರೆ ಬೇಗ ತಿಳಿಯುತ್ತದೆ. ಪೆಟ್ರೋಲ್ ಗಾಡಿಗೆ ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕುವವರಿಗೆ ಮಾತ್ರ ನಮ್ಮೂರಿನದೊಂದು ಮಾತು. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಸುಮ್ನೆ ಓಡುವಾಗ, ಒಳ್ಳೆ ಎಂಜಿನ್ 17ರಿಂದ 21 ಇಂಚು (ಪಾದರಸದ ಇಂಚು) ತೋರಿಸಬೇಕು ಅಂತ ಪುಸ್ತಕದಲ್ಲಿರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ. ಪ್ರತಿ ಸಾವಿರ ಅಡಿಗೆ ಒಂದು ಇಂಚು ಇಳಿಯುತ್ತದೆ. ಹಾಗಾಗಿ ಇಲ್ಲಿ ಎರಡೂವರೆ ಇಂಚು ಕಡಿಮೆ ಬಂದೇ ಬರುತ್ತದೆ. 16 ತೋರಿಸಿತು ಅಂತ ವಾಲ್ವ್ ಬಿಚ್ಚಲು ಹೋಗಬೇಡಿ. ಅದೇ ಗಾಡಿಯನ್ನು ಪಣಜಿಗೆ ಒಯ್ದರೆ 18 ದಾಟುತ್ತದೆ.

ಈಗ ಸೆಂಡರ್‌ಗೆ ಬರೋಣ, ಅಂದರೆ ಎಂಜಿನ್ ಕಡೆ ಕೂತು ಗೇಜ್‌ಗೆ ಸುದ್ದಿ ಕಳಿಸುವ ಭಾಗಕ್ಕೆ. ಜನ ಗೇಜಿನ ಮುಖ ನೋಡಿ ಕೊಳ್ಳುತ್ತಾರೆ, ಕೆಲಸ ಮಾಡುವುದು ಸೆಂಡರ್. ನಾನು ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಗೇಜ್ ಸುಳ್ಳು ಹೇಳುತ್ತಿದೆ ಅಂತ ಬರುವ ಗಾಡಿಗಳಲ್ಲಿ ಗೇಜ್ ಕೆಟ್ಟಿರುವುದು ಕಡಿಮೆ.

ಮೊದಲು ಓಮ್, ಅಂದರೆ ರೆಸಿಸ್ಟೆನ್ಸ್ (ಕರೆಂಟಿಗೆ ಬರುವ ತಡೆ) ಅಳತೆ. ಎಲೆಕ್ಟ್ರಿಕ್ ಸೆಂಡರ್ ಅಂದರೆ ಬಿಸಿಗೆ ಅಥವಾ ಒತ್ತಡಕ್ಕೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಯಿಸುವ ವಸ್ತು. ಒಂದು ಜಾತಿಯ ಪ್ರೆಶರ್ ಸೆಂಡರ್ 10ರಿಂದ 180 ಓಮ್‌ವರೆಗೆ ಹೋಗುತ್ತದೆ, ಯುರೋಪಿನ ಗೇಜ್‌ಗಳು ಇದನ್ನು ಕೇಳುತ್ತವೆ. ಅಮೆರಿಕದ ಮಾದರಿಯದು 240ರಿಂದ 33ಕ್ಕೆ ಇಳಿಯುತ್ತದೆ. ಒಂದರ ಗೇಜ್‌ಗೆ ಇನ್ನೊಂದರ ಸೆಂಡರ್ ಹಾಕಿದರೆ ಮುಳ್ಳು ಅಲ್ಲಾಡುತ್ತದೆ, ಆದರೆ ಹೇಳುವುದೆಲ್ಲ ಉಲ್ಟಾ. ಹಾಗಾಗಿ ಗೇಜ್ ಒಂದು ಕಡೆ, ಸೆಂಡರ್ ಇನ್ನೊಂದು ಕಡೆ ಕೊಳ್ಳಬೇಡಿ. ಜೋಡಿಯಾಗಿ ಕೊಳ್ಳಿ.

ಆಮೇಲೆ ಥ್ರೆಡ್. ಪೆಟ್ಟಿಗೆಯಲ್ಲಿ ಬರುವ ಸೆಂಡರ್ ಬಹುತೇಕ 1/8 ಎನ್‌ಪಿಟಿ, ಅಂದರೆ ಅಮೆರಿಕದ ಪೈಪ್ ಥ್ರೆಡ್. ಅದಕ್ಕೆ ಇಂಚಿಗೆ 27 ಥ್ರೆಡ್, 60 ಡಿಗ್ರಿ ಕೋನ. ಜಪಾನ್ ಮೂಲದ ಎಷ್ಟೋ ಎಂಜಿನ್‌ಗಳ ಬ್ಲಾಕ್‌ನಲ್ಲಿ ಇರುವುದು 1/8 ಬಿಎಸ್‌ಪಿಟಿ, ಅಂದರೆ ಬ್ರಿಟಿಷ್ ಪೈಪ್ ಥ್ರೆಡ್. ಅದಕ್ಕೆ ಇಂಚಿಗೆ 28, ಕೋನ 55. ನೋಡಿದರೆ ಅಣ್ಣತಮ್ಮ. ಕೈಯಲ್ಲಿ ತಿರುಗಿಸಿದರೆ ಎರಡು ಸುತ್ತು ಸಲೀಸಾಗಿ ಹೋಗುತ್ತದೆ. ಮೂರನೇ ಸುತ್ತಿಗೆ ಬಿಗಿಯಾದಾಗ ಪಾನಾ ಹಾಕಿ ಒತ್ತುತ್ತಾರೆ ನೋಡಿ, ಅಲ್ಲಿ ಅಲ್ಯೂಮಿನಿಯಂ ಬ್ಲಾಕ್‌ನ ಥ್ರೆಡ್ ಹೋಗುತ್ತದೆ. ಉದ್ಯಮಬಾಗದಲ್ಲಿ ಕೂತು ಥ್ರೆಡ್ ಅಳೆಯುವ ಗೇಜ್ ಇಲ್ಲ ಅಂತ ಹೇಳಿದರೆ ಯಾರೂ ನಂಬುವುದಿಲ್ಲ. ಹಚ್ಚಿ ನೋಡಿ, ಅಡಾಪ್ಟರ್ ಬೇಕಾದರೆ ಪಕ್ಕದ ಲೇಥ್‌ನಲ್ಲಿ ಹಿತ್ತಾಳೆಯಲ್ಲಿ ಮಾಡಿಸಿ.

ಹಿತ್ತಾಳೆ ಅಂದಾಗ ನೆನಪಾಯಿತು. ಆಯಿಲ್ ದೀಪ ಹತ್ತಿಸುವ ಸ್ವಿಚ್ ಜಾಗದಲ್ಲಿ ಹಿತ್ತಾಳೆಯ ಟೀ (ಮೂರು ಬಾಯಿಯ ಜೋಡಣೆ) ಹಾಕಿ, ಒಂದು ಕಡೆ ಹಳೆ ಸ್ವಿಚ್, ಇನ್ನೊಂದು ಕಡೆ ಹೊಸ ಸೆಂಡರ್ ನೇತು ಹಾಕುವುದು ರೂಢಿ. ಆ ಪ್ರೆಶರ್ ಸೆಂಡರ್ ಸಣ್ಣ ಡಬ್ಬಿಯಷ್ಟು ಭಾರ ಇರುತ್ತದೆ. ಎಂಜಿನ್ ನಡುಗುತ್ತಲೇ ಇರುತ್ತದೆ. ಒಂದು ದಿನ ಟೀಯ ಕುತ್ತಿಗೆ ಮುರಿದರೆ ಆಯಿಲ್ ಪೂರ್ತಿ ರಸ್ತೆಗೆ. ಎಂಜಿನ್ ಕಾಯಲು ಹಾಕಿದ ಗೇಜೇ ಎಂಜಿನ್ ತಿಂದ ಹಾಗೆ. ಬ್ರೇಡೆಡ್ ಹೋಸ್ ಒಂದನ್ನು ಬ್ಲಾಕ್‌ನಿಂದ ಬಾಡಿವರೆಗೆ ತಂದು, ಸೆಂಡರ್ ಅನ್ನು ಬಾಡಿಗೆ ಕ್ಲ್ಯಾಂಪ್ ಮಾಡಿ. ಇಲ್ಲವೇ ಆಯಿಲ್ ಫಿಲ್ಟರ್ ಕೆಳಗೆ ಸೆಂಡರ್ ಕೂರಿಸುವ ತೂತಿರುವ ಸ್ಯಾಂಡ್‌ವಿಚ್ ಪ್ಲೇಟ್ ಹಾಕಿ. ಅದಕ್ಕೂ ಮುಂಚೆ ನಿಮ್ಮ ಫಿಲ್ಟರ್ ಥ್ರೆಡ್ 3/4-16 ಇದೆಯೋ, ಎಂ20 × 1.5 ಇದೆಯೋ ನೋಡಿಕೊಳ್ಳಿ.

ಇನ್ನು ಅರ್ಥ್, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ. ಒಂದೇ ವೈರ್ ಇರುವ ಸೆಂಡರ್‌ಗೆ ಅರ್ಥ್ ಸಿಗುವುದು ಅದರ ಥ್ರೆಡ್ ಮೂಲಕ. ಲೀಕ್ ಆಗಬಾರದು ಅಂತ ಟೆಫ್ಲಾನ್ ಟೇಪ್ ಹತ್ತು ಸುತ್ತು ಸುತ್ತಿದರೆ ಅರ್ಥ್ ಹೋಯಿತು. ಮೇಲಿನ ರೇಡಿಯೇಟರ್ ಹೋಸ್ ಕತ್ತರಿಸಿ ಅಡಾಪ್ಟರ್ ಕೂರಿಸಿದಾಗಲೂ ಇದೇ ಕಥೆ. ಎರಡೂ ಕಡೆ ರಬ್ಬರ್, ನಡುವೆ ಅಲ್ಯೂಮಿನಿಯಂ ತುಂಡು. ಅದಕ್ಕೆ ಬೇರೆಯದೇ ಅರ್ಥ್ ವೈರ್ ಕೊಡಬೇಕು. ಹೋಸ್‌ನಲ್ಲಿ ಹಾಕಿದ ಸೆಂಡರ್ ಥರ್ಮೋಸ್ಟಾಟ್ (ನೀರು ಕಾದಾಗ ತೆರೆಯುವ ವಾಲ್ವ್) ತೆರೆಯುವವರೆಗೆ ತಣ್ಣಗೇ ತೋರಿಸುತ್ತದೆ, ಅದು ದೋಷವಲ್ಲ. ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಜಿಗಿಯಿತು ಅಂದರೆ ಬೇರೇನೂ ಹುಡುಕಬೇಡಿ, ಅರ್ಥ್ ಕೆಟ್ಟಿದೆ.

ಒಂದು ಅಪಾಯದ ಮಾತು ಹೇಳಲೇಬೇಕು. ನೀರಿನ ಸೆಂಡರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ಹೋಸ್ ಒಡೆದು ಕೂಲಂಟ್ (ಎಂಜಿನ್ ತಣಿಸುವ ನೀರು) ಪೂರ್ತಿ ಚೆಲ್ಲಿ ಹೋದರೆ ಸೆಂಡರ್ ಗಾಳಿಯಲ್ಲಿ ತೂಗುತ್ತದೆ. ಎಂಜಿನ್ ಬೇಯುತ್ತಿರುತ್ತದೆ, ಮುಳ್ಳು ಕೆಳಗೆ ಇಳಿಯುತ್ತದೆ! ಏರು ಹತ್ತುವಾಗ ಬಿಸಿ ಇದ್ದಕ್ಕಿದ್ದಂತೆ ಇಳಿದರೆ ಖುಷಿ ಪಡದೆ ಗಾಡಿ ನಿಲ್ಲಿಸಿ.

ವೈರಿಂಗ್ ಬಗ್ಗೆ ಇಲ್ಲಿರುವವರಿಗೆ ಜಾಸ್ತಿ ಹೇಳುವುದಿಲ್ಲ. ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ಜಾಗದಿಂದ ತೆಗೆದುಕೊಳ್ಳಿ. ಕರೆಂಟ್ ಎತ್ತಿದ ಜಾಗದ ಹತ್ತಿರವೇ 3 ಅಥವಾ 5 ಆಂಪಿಯರ್ ಫ್ಯೂಸ್ ಹಾಕಿ. ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡು) ತೂತಿಗೆ ರಬ್ಬರ್ ಬಳೆ (ಗ್ರೋಮೆಟ್) ಇಲ್ಲದೆ ವೈರ್ ದಾಟಿಸಬೇಡಿ. ಆಯಿಲ್ ಪೈಪನ್ನೇ ಕ್ಯಾಬಿನ್ ಒಳಗೆ ತರುವ ಮೆಕ್ಯಾನಿಕಲ್ ಪ್ರೆಶರ್ ಗೇಜ್ ಅಗ್ಗ, ನಿಜ. ಪೈಪ್ ಬಿರಿದರೆ ಬಿಸಿ ಆಯಿಲ್ ನಿಮ್ಮ ಪಾದದ ಮೇಲೆ. ನಾನು ಅದನ್ನು ಮನೆಯ ಕಾರಿಗೆ ಹಾಕುವುದಿಲ್ಲ. ಹಳದಿ ಕನೆಕ್ಟರ್ ಕಂಡರೆ ಕೈ ಹಿಂದೆ ತೆಗೆಯಿರಿ, ಅದು ಏರ್‌ಬ್ಯಾಗ್‌ನದು.

ಏರ್‌ಬ್ಯಾಗ್ ಬಂದಿತಲ್ಲ, ಜಾಗದ ಮಾತಿಗೆ ಬಂದೆವು. ಚಿತ್ರಗಳಲ್ಲಿ ನೋಡುವ ಗೇಜ್ ಮೌಂಟ್‌ಗಳಲ್ಲಿ ಎಲ್ಲರಿಗೂ ಇಷ್ಟವಾಗುವುದು ಮುಂದಿನ ಕಂಬದ್ದು. ವಿಂಡ್‌ಸ್ಕ್ರೀನ್ ಪಕ್ಕದ ಎ-ಪಿಲ್ಲರ್ ಮೇಲೆ ಎರಡು ಗೇಜ್. ಚಂದ ಕಾಣುತ್ತದೆ. ಕಿಟಕಿ ಪಕ್ಕ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಇದು ಸುತರಾಂ ಬೇಡ. ಆ ಕಂಬದ ಪ್ಲಾಸ್ಟಿಕ್ ಹಿಂದೆ ಬ್ಯಾಗಿನ ತುದಿ ಮಡಚಿ ಕೂತಿರುತ್ತದೆ. ಅದು ತೆರೆದರೆ ಗೇಜ್ ನಿಮ್ಮ ಮುಖಕ್ಕೇ ಬರುತ್ತದೆ. ಬ್ಯಾಗ್ ಇಲ್ಲದ ಹಳೆ ಗಾಡಿ ಅಂದಿರಾ? ನಮ್ಮ ಸ್ಟೀರಿಂಗ್ ಬಲಕ್ಕಿದೆ. ರಾಣಿ ಚೆನ್ನಮ್ಮ ಸರ್ಕಲ್‌ಗೆ ಬರುವಾಗ ನೀವು ನೋಡಬೇಕಾದದ್ದು ಬಲಗಡೆ, ಸರ್ಕಲ್ ಸುತ್ತಿ ಬರುವ ಗಾಡಿಗಳೆಲ್ಲ ಅಲ್ಲಿಂದಲೇ ಬರುತ್ತವೆ. ಬಲಗಡೆಯ ಕಂಬ ಮೊದಲೇ ಒಂದು ಸ್ಕೂಟರ್ ಮುಚ್ಚುವಷ್ಟು ದಪ್ಪ. ಅದರ ಮೇಲೆ 60 ಮಿ.ಮೀ. ಗೇಜ್ ಎರಡು ಕೂರಿಸಿದರೆ ಸ್ಕೂಟರ್ ಜೊತೆ ಆಟೋನೂ ಮಾಯ.

ಡ್ಯಾಶ್ ಮೇಲೆ, ಪಕ್ಕದ ಸೀಟಿನ ಎದುರು? ಪ್ಯಾಸೆಂಜರ್ ಏರ್‌ಬ್ಯಾಗ್ ಎಷ್ಟೋ ಗಾಡಿಗಳಲ್ಲಿ ಅಲ್ಲಿಂದಲೇ ಮೇಲೆ ಏಳುತ್ತದೆ, ಅದೂ ಕಣ್ಣು ಮಿಟುಕಿಸುವುದರೊಳಗೆ. ಆ ಮುಚ್ಚಳದ ಮೇಲೆ, ಸುತ್ತಮುತ್ತ ಏನೂ ಬೇಡ.

ಉಳಿಯುವುದು ಮೂರು ಜಾಗ. ಸ್ಟೀರಿಂಗ್ ಕಾಲಮ್ ಪಕ್ಕ, ಮಧ್ಯದ ಎಸಿ ವೆಂಟ್, ಸ್ಟೀರಿಯೊ ಜಾಗ. ನನಗೆ ಸ್ಟೀರಿಯೊ ಜಾಗ ಭಾಳ ಇಷ್ಟ. ಹಳೆ ಸಿಂಗಲ್ ಡಿನ್ ಅಳತೆಯ ಸ್ಟೀರಿಯೊದ ಕಿಂಡಿ 182 ಮಿ.ಮೀ. ಅಗಲ, 53 ಮಿ.ಮೀ. ಎತ್ತರ. ಮಾರುಕಟ್ಟೆಯಲ್ಲಿ ಜಾಸ್ತಿ ಸಿಗುವ ಗೇಜಿನ ಮೈ 52 ಮಿ.ಮೀ. ಮೇಲೆ ಅರ್ಧ, ಕೆಳಗೆ ಅರ್ಧ ಮಿ.ಮೀ. ಬಿಟ್ಟು ಮೂರು ಗೇಜ್ ಸಾಲಾಗಿ ಕೂರುತ್ತವೆ. ಡ್ಯಾಶ್‌ನ ಒಂದು ಎಳೆಯನ್ನೂ ಕತ್ತರಿಸಬೇಕಾಗಿಲ್ಲ. ಗಾಡಿ ಮಾರುವಾಗ ತೆಗೆದು ಸ್ಟೀರಿಯೊ ಮತ್ತೆ ಹಾಕಬಹುದು. ಕೊರತೆ ಒಂದೇ, ಅದು ಕೆಳಗಿರುತ್ತದೆ, ಕಣ್ಣು ರಸ್ತೆ ಬಿಟ್ಟು ಇಳಿಯಬೇಕು. ಎಸಿ ವೆಂಟ್ ಎತ್ತರ ಸರಿಯಿದೆ, ಆದರೆ ಮೇ ತಿಂಗಳಲ್ಲಿ ವಿಜಯಪುರಕ್ಕೆ ಹೊರಟಾಗ ಒಂದು ವೆಂಟ್ ಮುಚ್ಚಿದ್ದಕ್ಕೆ ಮನೆಯವರು ಏನು ಅನ್ನುತ್ತಾರೆ ಅಂತ ನೀವೇ ಯೋಚಿಸಿ.

ಜಾಗ ಗೊತ್ತು ಮಾಡುವುದು ಹೀಗೆ. ರಟ್ಟಿನಲ್ಲಿ ಗೇಜಿನ ಅಳತೆಯ ಚಕ್ರ ಕತ್ತರಿಸಿ. ಮಾಸ್ಕಿಂಗ್ ಟೇಪ್‌ನಿಂದ ಅಂಟಿಸಿ. ಓಡಿಸುವವರೇ ತಮ್ಮ ಸೀಟಿನಲ್ಲಿ, ಬೆಲ್ಟ್ ಹಾಕಿ ಕೂರಲಿ. ಸ್ಟೀರಿಂಗ್ ರಿಮ್ ಅಡ್ಡ ಬರುತ್ತದೆಯಾ, ಗೇರ್ ಬದಲಾಯಿಸುವ ಕೈ ಅಡ್ಡ ಬರುತ್ತದೆಯಾ ನೋಡಲಿ. ಆ ರಟ್ಟನ್ನು ನಾಲ್ಕು ದಿನ ಹಾಗೇ ಬಿಡಿ. ಕಿರಿಕಿರಿ ಆದರೆ ತೆಗೆದು ಬೇರೆ ಕಡೆ ಅಂಟಿಸಿ. ತೂತು ಕೊರೆಯುವ ಹೋಲ್ ಸಾ ಹಿಡಿಯುವುದು ಆಮೇಲೆ.

ಮೌಂಟ್ ಮಾಡುವ ಕೆಲಸದಲ್ಲಿ ಬೆಳಗಾವಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಫೌಂಡ್ರಿ, ಲೇಥ್, ಸಿಎನ್‌ಸಿ ಎಲ್ಲವೂ ಈ ರಸ್ತೆಯಲ್ಲೇ ಇವೆ. ನೈಲಾನ್ ರಾಡ್‌ನಿಂದ 52.5 ಮಿ.ಮೀ. ಬೋರ್ ಮಾಡಿದ ಕಪ್ ಅರ್ಧ ಗಂಟೆಯ ಕೆಲಸ. ಅಲ್ಯೂಮಿನಿಯಂ ಬೇಕಾದರೂ ಆಗುತ್ತದೆ, ಆದರೆ ಹೊಳಪು ಬಿಡಬೇಡಿ, ಮ್ಯಾಟ್ ಕಪ್ಪು ಬಳಿಯಿರಿ. ಇಲ್ಲದಿದ್ದರೆ ಮಧ್ಯಾಹ್ನದ ಬಿಸಿಲಲ್ಲಿ ಅದರ ಬಿಂಬ ಗಾಜಿನ ಮೇಲೆ ಕುಣಿಯುತ್ತದೆ. ದುಡ್ಡು ಕಡಿಮೆ ಇದ್ದವರಿಗೆ ಹೊಲದ 63 ಮಿ.ಮೀ. ಪಿವಿಸಿ ಪೈಪಿನ ತುಂಡೂ ಆಗುತ್ತದೆ. ಪೈಪಿನ ಹೊರ ಅಳತೆ ಎಲ್ಲ ಕಡೆ ಒಂದೇ, ಗೋಡೆಯ ದಪ್ಪ ಮಾತ್ರ ಕ್ಲಾಸಿನ ಮೇಲೆ ಬದಲಾಗುತ್ತದೆ. ಒಳಗೆ ವರ್ನಿಯರ್ ಹಚ್ಚಿ ನೋಡಿ, ಸಂದಿಗೆ ಫೋಮ್ ಟೇಪ್ ಸುತ್ತಿ.

ತ್ರೀಡಿ ಪ್ರಿಂಟ್ ಮಾಡುವ ಹುಡುಗರು ಹಿಂದಿನ ಸಾಲಿನಲ್ಲಿದ್ದೀರಿ. ಪಿಎಲ್‌ಎ ಪ್ಲಾಸ್ಟಿಕ್ ಬೇಡ. ಅದು 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್ 70 ದಾಟುವುದು ದೊಡ್ಡ ಮಾತಲ್ಲ. ಬಾಗಲಕೋಟೆಯಲ್ಲಿ ಮದುವೆ ಊಟ ಮುಗಿಸಿ ಬರುವಷ್ಟರಲ್ಲಿ ನಿಮ್ಮ ಮೌಂಟ್ ತಲೆ ಬಗ್ಗಿಸಿರುತ್ತದೆ. ಎಬಿಎಸ್ ಅಥವಾ ಎಎಸ್‌ಎ ಪ್ಲಾಸ್ಟಿಕ್ ಬಳಸಿ. ಎಬಿಎಸ್ 100ರವರೆಗೆ ತಡೆಯುತ್ತದೆ, ಎಎಸ್‌ಎ ಬಿಸಿಲಿಗೆ ಬಣ್ಣವೂ ಬಿಡುವುದಿಲ್ಲ.

ಫೈಬರ್ ಗ್ಲಾಸ್ ಮಾಡುವವರಿಗೆ ಎರಡು ಮಾತು. ಪಾಲಿಯೆಸ್ಟರ್ ರೆಸಿನ್ ಥರ್ಮೊಕೋಲ್ ಅನ್ನು ಕರಗಿಸಿ ತಿನ್ನುತ್ತದೆ, ಅಚ್ಚು ಅದರಲ್ಲಿ ಮಾಡಿದರೆ ಮೇಲೆ ಟೇಪ್ ಸುತ್ತಿ. ಎರಡನೆಯದು, ಯಾವುದಕ್ಕೆ ಅಂಟಿಸುತ್ತಿದ್ದೀರಿ ನೋಡಿ. ಟ್ರಿಮ್ ಬಿಚ್ಚಿ ಹಿಂದೆ ತಿರುಗಿಸಿ. ಪ್ಲಾಸ್ಟಿಕ್‌ನ ಹೆಸರು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಎಬಿಎಸ್ ಅಂತಿದ್ದರೆ ಅಂಟು ಹಿಡಿಯುತ್ತದೆ. ಪಿಪಿ (ಪಾಲಿಪ್ರೊಪಿಲಿನ್) ಅಂತಿದ್ದರೆ ರೆಸಿನ್, ಪುಟ್ಟಿ ಯಾವುದೂ ಹಿಡಿಯುವುದಿಲ್ಲ. ಮೊದಲು ಹಿಡಿದ ಹಾಗೆ ಕಾಣುತ್ತದೆ, ಖಾನಾಪುರ ರಸ್ತೆಯ ಗುಂಡಿಗಳಲ್ಲಿ ಪಟ್ ಅಂತ ಬಿಡುತ್ತದೆ. ಪಿಪಿಗೆ ಹಿಂದಿನಿಂದ ಸ್ಕ್ರೂ ಅಥವಾ ಪ್ಲಾಸ್ಟಿಕ್ ವೆಲ್ಡಿಂಗ್, ಬೇರೆ ದಾರಿ ಇಲ್ಲ. ಪ್ಲಾಸ್ಟಿಕ್‌ನಲ್ಲಿ ಹೋಲ್ ಸಾ ಓಡಿಸುವಾಗ ಸ್ಪೀಡ್ ಕಡಿಮೆ ಇಡಿ, ಜೋರಾದರೆ ಕತ್ತರಿಸುವ ಬದಲು ಕರಗಿಸುತ್ತದೆ.

ಗೇಜ್ ಕಪ್‌ಗೆ ಹಾಕಿದ ಮೇಲೆ ಬಿಗಿ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಅಂಕಿಗಳು ನೆಟ್ಟಗೆ ನಿಲ್ಲಬೇಕು ಅಂತ ಎಲ್ಲರೂ ಗೇಜ್ ನೆಟ್ಟಗೆ ಕೂರಿಸುತ್ತಾರೆ. ರೇಸ್ ಕಾರುಗಳಲ್ಲಿ ಹಾಗೆ ಮಾಡುವುದಿಲ್ಲ. ಎಂಜಿನ್ ಬಿಸಿಯಾಗಿ ಸರಿಯಾಗಿ ಓಡುವಾಗ ಮುಳ್ಳು ನೆಟ್ಟಗೆ ಮೇಲೆ ನಿಲ್ಲುವಂತೆ ಗೇಜಿನ ಮೈಯನ್ನೇ ತಿರುಗಿಸುತ್ತಾರೆ. ಅಂಕಿ ಓರೆಯಾದರೂ ಚಿಂತೆಯಿಲ್ಲ. ಮೂರು ಗೇಜಿನ ಮೂರೂ ಮುಳ್ಳು ಮೇಲೆ ನೋಡುತ್ತಿದ್ದರೆ ಎಲ್ಲ ಕ್ಷೇಮ. ಒಂದು ವಾಲಿದರೂ ಓದದೇ ಗೊತ್ತಾಗುತ್ತದೆ. ಲಾರಿ ಹಿಂದಿಕ್ಕುವ ಹೊತ್ತಿಗೆ ಅಂಕಿ ಓದುವ ಪುರುಸೊತ್ತು ಯಾರಿಗಿದೆ? ರಾತ್ರಿಯ ಬೆಳಕಿಗೆ ಡ್ಯಾಶ್ ದೀಪದ ಡಿಮ್ಮರ್ ವೈರ್‌ನಿಂದಲೇ ಕೊಡಿ. ನೇರ 12 ವೋಲ್ಟ್ ಕೊಟ್ಟರೆ ಜಾಂಬೋಟಿ ದಾಟಿದ ಮೇಲಿನ ಕತ್ತಲಲ್ಲಿ ಕಣ್ಣಿಗೆ ಚುಚ್ಚುತ್ತದೆ.

ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಹಾಕಿದ್ದೇನೆ.

ಓಬಿಡಿ ಪೋರ್ಟ್‌ಗೆ (ಗಾಡಿಯ ದೋಷ ಪರೀಕ್ಷಿಸುವ ಸಾಕೆಟ್) ಸಣ್ಣ ಡಿಸ್‌ಪ್ಲೇ ಸಿಕ್ಕಿಸಿದರೆ ಇಷ್ಟೆಲ್ಲ ಯಾಕೆ ಅಂತ ಒಬ್ಬ ವಿದ್ಯಾರ್ಥಿ ಕೇಳಿದ. ನೀರಿನ ಬಿಸಿಗೆ ಅದೇ ಒಳ್ಳೆಯದು, ಹೊಸ ಗಾಡಿಯವರು ಅದನ್ನೇ ಮಾಡಿ. ಕಂಪನಿಯ ಮುಳ್ಳು ಮುಚ್ಚಿಟ್ಟರೂ ಇಸಿಯು (ಎಂಜಿನ್ ಕಂಪ್ಯೂಟರ್) ಒಳಗೆ ನಿಜವಾದ ಅಂಕಿ ಇರುತ್ತದೆ. ಅಲ್ಲಿಂದ ಬರುವ ಕಚ್ಚಾ ಸಂಖ್ಯೆಯಿಂದ ಡಿಸ್‌ಪ್ಲೇ 40 ಕಳೆದು ಡಿಗ್ರಿ ತೋರಿಸುತ್ತದೆ, 130 ಬಂದರೆ 90. ಆದರೆ ಆಯಿಲ್ ಪ್ರೆಶರ್ ಅಲ್ಲಿ ಹುಡುಕಬೇಡಿ. ಸಾಮಾನ್ಯ ಕಾರುಗಳಲ್ಲಿ ಇರುವುದು ಬರೀ ಆನ್-ಆಫ್ ಸ್ವಿಚ್, ಅಳೆಯುವ ಸೆನ್ಸರೇ ಇಲ್ಲ. ಇಲ್ಲದ್ದನ್ನು ಇಸಿಯು ಹೇಗೆ ಹೇಳಬೇಕು? ಇನ್ನೊಂದು, ಆ ಪೋರ್ಟ್‌ನ 16ನೇ ಪಿನ್‌ಗೆ ಕೀ ಆಫ್ ಇದ್ದರೂ ಕರೆಂಟ್ ಇರುತ್ತದೆ. ವಾರಗಟ್ಟಲೆ ನಿಲ್ಲಿಸುವ ಗಾಡಿಯಿಂದ ಡಿಸ್‌ಪ್ಲೇ ಕಿತ್ತಿಡಿ.

ಆರ್‌ಟಿಒ ತೊಂದರೆ ಕೊಡುತ್ತಾರಾ ಅಂತ ಇನ್ನೊಬ್ಬರು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುವುದು ಆರ್‌ಸಿಯಲ್ಲಿನ ವಿವರಕ್ಕೆ ಹೊಂದದ ಬದಲಾವಣೆಯ ಬಗ್ಗೆ. ಮೂರು ಗೇಜ್ ಕೂರಿಸಿದರೆ ಆ ವಿವರ ಬದಲಾಗುವುದಿಲ್ಲ. ವಾರಂಟಿ ಬೇರೆ ಮಾತು, ವೈರ್ ಕತ್ತರಿಸಿದ್ದು ಕಂಡರೆ ಕ್ಲೇಮ್ ನಿಲ್ಲಿಸಬಹುದು. ಅದಕ್ಕೇ ಕತ್ತರಿಸದೆ ಫ್ಯೂಸ್ ಜಾಗದಲ್ಲೇ ಸಿಕ್ಕಿಸುವ ಫ್ಯೂಸ್ ಟ್ಯಾಪ್ ಬಳಸಿ ಅನ್ನುವುದು.

ಕೊನೆಯದು, ಹೊಸ ಗೇಜ್ ಸರಿಯಾಗಿದೆ ಅಂತ ಗಾಡಿಗೆ ಹಾಕುವ ಮುಂಚೆ ಹೇಗೆ ತಿಳಿಯಬೇಕು? ಸೆಂಡರ್, ಗೇಜ್, ಬ್ಯಾಟರಿ ಮೂರನ್ನೂ ಬೆಂಚ್ ಮೇಲೆ ಜೋಡಿಸಿ. ಸೆಂಡರ್ ಮೈಗೆ ಅರ್ಥ್ ಕ್ಲಿಪ್ ಹಾಕಿ, ಅದರ ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿ. 100 ಬರಲಿಲ್ಲ ಅಂತ ಜಗಳ ತೆಗೆಯಬೇಡಿ, ಬೆಳಗಾವಿಯ ಎತ್ತರದಲ್ಲಿ ನೀರು ಕುದಿಯುವುದೇ 97-98 ಡಿಗ್ರಿಗೆ. ಅದರ ಆಚೀಚೆ ಎರಡು ಮೂರು ಡಿಗ್ರಿ ಇದ್ದರೆ ಹಾಕಿ. ಹತ್ತು ಡಿಗ್ರಿ ತಪ್ಪಿದರೆ ಮೊದಲು ಅರ್ಥ್ ನೋಡಿ, ಆಮೇಲೆ ಸೆಂಡರಿನ ಓಮ್ ಅಳೆದು ಪೆಟ್ಟಿಗೆಯ ಚೀಟಿಯ ಜೊತೆ ಹೋಲಿಸಿ. ಅದೂ ಹೊಂದದಿದ್ದರೆ ಅಂಗಡಿಗೆ ವಾಪಸ್ ಒಯ್ಯಿರಿ. ಬಿಲ್ ಕೇಳುತ್ತಾರೆ, ಜೊತೆಗಿರಲಿ.